ಸೌಟು ಹಿಡಿದವರ ಮಾತು

ಭಾನುವಾರ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದು ಶೂ ಬಿಚ್ಚುತ್ತಿದ್ದೆ. ಕಾದ ಮರದ ವಾಸನೆ ಮೂಗಿಗೆ ಬಡಿಯಿತು. ಇವರ ಹೃದಯದ ಆಪರೇಷನ್ ಆದಮೇಲೆ ಆ ವಾಸನೆ ನಮ್ಮ ಮನೆಯಲ್ಲಿ ಬಂದದ್ದೇ ಇಲ್ಲ. ಬರಬಾರದೆಂದು ನಮ್ಮ ಹಬೆಸ್ನಾನದ ಕೋಣೆ, ಸೌನಾದ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದವಳೂ ನಾನೇ.

"ರೀ! ಎಲ್ಲಿದ್ದೀರಾ? ಯಾರನ್ನ ಕೇಳಿ ಆನ್ ಮಾಡಿದ್ರಿ ಅದನ್ನ?"

ಒಳಗಿನಿಂದ ಸಮಾಧಾನದ ದನಿ ಬಂತು. "ನಮ್ಮನೆ ಒಲೆ ಹಚ್ಚೋಕೆ ಯಾರನ್ನ ಕೇಳ್ಬೇಕೇ ಡ್ರೈವರಮ್ಮ?"

ನಾನು ಸಿಟಿ ಬಸ್ಸಿನ ಡ್ರೈವರ್. ಬ್ರೇಕು, ಹಾರ್ನು, ಬಾಯಿ ಮೂರೂ ಸರಿಯಾಗಿದ್ದರೆ ಮಾತ್ರ ಬಸ್ಸು ಓಡುತ್ತದೆ ಎಂದು ನಂಬಿದವಳು. ನಮ್ಮ ಯಜಮಾನರು ಬಡಗಿ. ಅಳತೆ ತೆಗೆದು, ಗೆರೆ ಹಾಕಿ, ಮತ್ತೊಮ್ಮೆ ಅಳೆದು, ಆಮೇಲೆ ಗರಗಸ ಹಿಡಿಯುವ ಪೈಕಿ. ಮಾತೂ ಹಾಗೆಯೇ. ನಾನು ಹತ್ತು ಮಾತು ಆಡಿ ಮುಗಿಸುವಷ್ಟರಲ್ಲಿ ಇವರು ಒಂದಕ್ಕೆ ಅಳತೆ ತೆಗೆಯುತ್ತಿರುತ್ತಾರೆ.

ಬಚ್ಚಲಮನೆಗೆ ಅಂಟಿಕೊಂಡಿದ್ದ ಸಾಮಾನಿನ ಕೋಣೆಯನ್ನು ಸೌನಾ ಮಾಡಿದ್ದು ಇವರೇ. ಯಾವುದೋ ಹೋಟೆಲಿನವರು ತಮ್ಮ ಹಳೆಯ ಸೌನಾ ಒಡೆದು ಹೊಸದು ಕಟ್ಟಿಸುವಾಗ ಇವರು ಕೆಲಸಕ್ಕೆ ಹೋಗಿದ್ದರು. ಅಲ್ಲಿಂದ ಹಲಗೆಗಳು, ಕರೆಂಟಿನ ಒಲೆ, ಅದರ ಮೇಲಿಡುವ ಕಲ್ಲುಗಳು ಎಲ್ಲವನ್ನೂ ಹೊತ್ತು ತಂದರು. ಇಬ್ಬರು ಮೊಣಕಾಲಿಗೆ ಮೊಣಕಾಲು ತಗಲಿಸಿಕೊಂಡು ಕೂರುವಷ್ಟು ಜಾಗ. ಗೋಡೆ, ಸೂರು ಎಲ್ಲ ಮರವೇ. ಮೇಲೊಂದು ಹಲಗೆ, ಕೆಳಗೊಂದು ಹಲಗೆ, ಮೂಲೆಯಲ್ಲಿ ಒಲೆ, ಅದರ ಸುತ್ತ ಮರದ ಕಟಕಟೆ. ಕಲ್ಲು ಕಾದ ಮೇಲೆ ಸೌಟಿನಲ್ಲಿ ನೀರು ಹೊಯ್ದರೆ ಚೊಯ್ ಎಂದು ಹಬೆ ಎದ್ದು ಮೈಯನ್ನೆಲ್ಲ ಅಪ್ಪಿಕೊಳ್ಳುತ್ತದೆ. ಬೆವರು ಧಾರಾಕಾರ.

"ಬಿಸಿಲಲ್ಲಿ ನಿಂತ್ರೆ ಬಿಟ್ಟಿ ಬೆವರು ಬರುತ್ತೆ, ಅದಕ್ಕೊಂದು ಕೋಣೆ ಬೇಕಾ ಅತ್ತಿಗೆ?" ಎಂದು ಪಕ್ಕದ ಬೀದಿಯಲ್ಲಿರುವ ನಾದಿನಿ ನಕ್ಕಿದ್ದಳು. ನಗಲಿ. ಇಡೀ ದಿನ ಸ್ಟಿಯರಿಂಗ್ ತಿರುಗಿಸಿದ ಭುಜ ಆ ಬಿಸಿಗೆ ಬೆಣ್ಣೆಯಾಗುವ ಸುಖ ಅವಳಿಗೇನು ಗೊತ್ತು? ಹೊರಗೆ ಬಂದು ಒಬ್ಬರ ತಲೆಗೊಬ್ಬರು ತಣ್ಣೀರು ಸುರಿದು, ಕಿರುಚಾಡಿ, ಟವೆಲ್ ಸುತ್ತಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತರೆ, ಇನ್ನೇನು ಬೇಕು ಈ ಜೀವಕ್ಕೆ ಎನಿಸುತ್ತಿತ್ತು.

ಅದಕ್ಕಿಂತ ದೊಡ್ಡ ಸುಖ ಇನ್ನೊಂದಿತ್ತು, ಮಾತಿನದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಉಂಡು, ಮಲಗಿ, ಎದ್ದು, ಮತ್ತೆ ಉಣ್ಣುವ ತನಕ. ನಾನು ಕೂಗುವುದು, ಇವರು ಬಾಯಿಗೆ ಬೀಗ ಹಾಕಿಕೊಂಡು ವರ್ಕ್‌ಶಾಪಿಗೆ ಹೋಗಿ ಮರ ಕೀಸುತ್ತಾ ಕೂರುವುದು. ಒಮ್ಮೆ ಸೌನಾದೊಳಗೇ ಜಗಳ ಹತ್ತಿತು. ನಾನು ಉಸಿರು ಬಿಡದೆ ಒದರುತ್ತಿದ್ದೆ. ಇವರು ಸೌಟನ್ನು ಬಕೆಟ್ಟಿಗೆ ಟಕ್ಕೆಂದು ಬಡಿದು, "ಇನ್ಮೇಲೆ ಇಲ್ಲಿ ಸೌಟು ಯಾರ ಕೈಲಿರುತ್ತೋ ಅವರದ್ದೇ ಮಾತು. ಇನ್ನೊಬ್ಬರು ತುಟಿಪಿಟಕ್ ಅನ್ನೋ ಹಾಗಿಲ್ಲ" ಎಂದರು. ಮಾತು ಮುಗಿದ ಮೇಲೆ ಕಲ್ಲಿಗೆ ನೀರು ಹೊಯ್ದು ಸೌಟನ್ನು ಎದುರಿನವರ ಕೈಗೆ ಕೊಡಬೇಕು.

ತಮಾಷೆಗೆ ಶುರುವಾದದ್ದು ನಮ್ಮ ಮನೆಯ ಕಾನೂನಾಯಿತು. ಹೊರಗೆ ನಾಲ್ಕು ಮಾತಿಗೊಂದು ಉತ್ತರ ಕೊಡುವ ಈ ಮನುಷ್ಯ ಸೌಟು ಹಿಡಿದರೆ ಅಪ್ಪನ ಮೇಲಿನ ಸಿಟ್ಟು, ಮಕ್ಕಳಾಗಲಿಲ್ಲವೆಂಬ ಸಂಕಟ, ಗಿರಾಕಿಗಳ ಮುಂದೆ ನುಂಗಿದ ಅವಮಾನ ಎಲ್ಲವನ್ನೂ ಬಿಚ್ಚಿಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆ. ಹೌದು, ನಾನೇ! ಡಿಪೋದಲ್ಲಿ ಹೇಳಿದರೆ ಒಬ್ಬರೂ ನಂಬುವುದಿಲ್ಲ.

ಹೀಗಿರುವಾಗ ಯಾರದೋ ಮನೆಯ ಕಿಟಕಿಗೆ ಚೌಕಟ್ಟು ಕೂರಿಸುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ಎದೆ ಬಿಚ್ಚಿ ಆಪರೇಷನ್ ಮಾಡಿದರು. ಆಪರೇಷನ್ನಿಗೆ ಕರೆದುಕೊಂಡು ಹೋಗುವ ಮುನ್ನ ಇವರು ನನ್ನ ಕೈ ಹಿಡಿದು, "ಅಕಸ್ಮಾತ್ ನಾನು..." ಎಂದು ಶುರು ಮಾಡಿದರು. "ಬಿಡ್ತು ಅನ್ನಿ!" ಎಂದು ಬಾಯಿಗೆ ಕೈ ಅಡ್ಡ ಇಟ್ಟೆ. ಆ ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಬಕೆಟ್ಟು ಎತ್ತುವುದು ನಾನೇ, ತರಕಾರಿ ಚೀಲ ನಾನೇ, ಕುರ್ಚಿ ಸರಿಸುವುದೂ ನಾನೇ. ಇವರು ಕೆಮ್ಮಿದರೆ ಓಡಿ ಬಂದೆ, ಕೆಮ್ಮದಿದ್ದರೂ ಓಡಿ ಬಂದೆ. ಏನಾದರೂ ಹೇಳಲು ಬಾಯಿ ತೆರೆದರೆ, "ಏನೂ ಆಗಲ್ಲ ಸುಮ್ನಿರಿ, ಜಾಸ್ತಿ ಮಾತಾಡಿ ಆಯಾಸ ಮಾಡ್ಕೋಬೇಡಿ" ಎನ್ನುತ್ತಿದ್ದೆ. ಹೋದ ವಾರ ತಪಾಸಣೆಗೆ ಹೋದಾಗ ಇವರು ಮೊದಲು ಕೇಳಿದ್ದೇ ಸೌನಾ ವಿಷಯ. ಡಾಕ್ಟರ್ ನಕ್ಕು, "ಕಡಿಮೆ ಬಿಸಿಯಲ್ಲಿ, ಕೆಳಗಿನ ಹಲಗೆ ಮೇಲೆ, ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಕಲ್ಲಿಗೆ ನೀರು ಬೇಡ, ಆಮೇಲೆ ತಣ್ಣೀರು ಬೇಡವೇ ಬೇಡ. ಭಾರ ಎತ್ತೋದಂತೂ ಸದ್ಯಕ್ಕೆ ಮರೆತುಬಿಡಿ" ಎಂದರು. ಇವರಿಗೆ ಕೇಳಿಸಿದ್ದು "ಕೂತ್ಕೊಳ್ಳಿ." ನನಗೆ ಕೇಳಿಸಿದ್ದು ಬರೀ ಬೇಡಗಳು.

ಅದಕ್ಕೇ ಆ ಟೇಪು. ಈಗ ಅದು ಉಂಡೆಯಾಗಿ ಕಸದ ಬುಟ್ಟಿಯಲ್ಲಿತ್ತು. ಇವರು ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಎದೆಯ ಮೇಲಿನ ಉದ್ದನೆಯ ಹೊಲಿಗೆ ಗುರುತನ್ನು ತೋರಿಸಿಕೊಂಡು ಬಚ್ಚಲಮನೆ ಬಾಗಿಲಲ್ಲಿ ನಿಂತಿದ್ದರು.

"ಡಾಕ್ಟರ್ ಪರವಾಗಿಲ್ಲ ಅಂದಿದ್ದಾರೆ ತಾನೆ?"

"ಡಾಕ್ಟರಿಗೇನ್ರೀ, ಹೇಳಿ ಅವರ ಮನೆಗೆ ಅವರು ಹೋಗ್ತಾರೆ. ನಿಮ್ಮ ಜೊತೆ ಇರೋಳು ನಾನು."

"ಅದಕ್ಕೇ ನಿನ್ನ ಜೊತೆಗೇ ಕೂರೋಣ ಅಂತ ಕಾಯ್ತಿರೋದು. ಒಂದ್ಸಲ ಕಣೇ. ಅಲ್ಲಿ ನಿನ್ನ ಹತ್ರ ಸ್ವಲ್ಪ ಕೂತ್ಕೋಬೇಕು ಅನ್ನಿಸ್ತಿದೆ."

"ಇಲ್ಲೇ ಸೋಫಾ ಮೇಲೆ ಕೂತ್ಕೊಳ್ಳಿ, ಯಾರು ಬೇಡ ಅಂದ್ರು?"

"ನೀನು ಬರಲ್ಲ ಅಂದ್ರೆ ಒಬ್ಬನೇ ಹೋಗ್ತೀನಿ."

ಇದು ಅವರ ಹಳೇ ವರಸೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಒಬ್ಬರನ್ನೇ ಆ ಬಿಸಿಯಲ್ಲಿ ಬಿಟ್ಟು ಹೊರಗೆ ನಿಲ್ಲುವುದಕ್ಕಿಂತ ಒಳಗೆ ಕಾವಲು ಕೂರುವುದು ಮೇಲು ಎನಿಸಿತು. ಕರಾರು ಹಾಕಿದೆ. ಒಲೆಯ ಗುಂಡಿಯನ್ನು ನಾನೇ ತಗ್ಗಿಸಿದೆ. ನೀರಿನ ಬಕೆಟ್ಟನ್ನು ಎತ್ತಿ ಬಚ್ಚಲಮನೆಯಲ್ಲಿ ಇಟ್ಟೆ. ಸೌಟನ್ನೂ ಕೈಗೆ ತೆಗೆದುಕೊಂಡೆ.

"ಇದು ನನ್ನ ಹತ್ರ ಇರುತ್ತೆ. ನಿಮ್ಮ ಕೈಗೆ ಸಿಕ್ಕಿದ್ರೆ ಎಲ್ಲಿಂದಾದ್ರೂ ನೀರು ತಂದು ಹೊಯ್ದೇ ಹೊಯ್ತೀರಾ. ನಂಗೊತ್ತಿಲ್ವಾ ನಿಮ್ಮ ಬುದ್ಧಿ?"

ಇವರು ಏನೋ ಹೇಳಲು ಹೊರಟವರು ನನ್ನ ಕೈಯಲ್ಲಿದ್ದ ಸೌಟನ್ನು ನೋಡಿದರು. ನನ್ನ ಮುಖ ನೋಡಿದರು. ತೆರೆದ ಬಾಯಿ ಹಾಗೆಯೇ ಮುಚ್ಚಿತು.

ಆತುರಾತುರವಾಗಿ ಯೂನಿಫಾರ್ಮ್ ಬಿಚ್ಚಿ ಟವೆಲ್ ಸುತ್ತಿಕೊಂಡೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನಾವು ಹೆಂಗಸು ಡ್ರೈವರುಗಳು ಪಾಳಿ ಮುಗಿಯುವ ತನಕ ನೀರು ಮುಟ್ಟುವುದಿಲ್ಲ. ಬೆಳಗ್ಗೆ ಅರ್ಧ ಲೋಟ ಚಹಾ, ಅಷ್ಟೇ. ಮನೆಗೆ ಬಂದ ಕೂಡಲೇ ನಿಂತಲ್ಲೇ ಚೊಂಬು ಖಾಲಿ ಮಾಡುವುದು ನನ್ನ ಅಭ್ಯಾಸ. ಅವತ್ತಿನ ಗಲಾಟೆಯಲ್ಲಿ ಅದು ಮರೆತೇಹೋಯಿತು. ಊಟದ ನೆನಪಂತೂ ಬರಲೇ ಇಲ್ಲ.

ಇವರು ಕೆಳಗಿನ ಹಲಗೆಯ ಮೇಲೆ ಗೋಡೆಗೊರಗಿ ಓರೆಯಾಗಿ ಕೂತರು. ನಾನು ಮೇಲಿನ ಹಲಗೆ ಹತ್ತಿದೆ. ಮೇಲೆ ಬಿಸಿ ಯಾವಾಗಲೂ ಜಾಸ್ತಿ. ಆದರೆ ಅಲ್ಲಿಂದ ಇವರ ಮುಖ, ಎದೆ, ಗೋಡೆಯ ಮೊಳೆಗೆ ತಿರುಗುವಂತೆ ಸಿಕ್ಕಿಸಿದ ಮರಳು ಗಡಿಯಾರ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಗುಂಡಿ ತಗ್ಗಿಸಿದ್ದೆನಲ್ಲ ಎಂಬ ಧೈರ್ಯ ಬೇರೆ. ಆದರೆ ಇವರು ಅದೆಷ್ಟು ಹೊತ್ತಿನಿಂದ ಕಾಯಿಸಿ ಇಟ್ಟಿದ್ದರೋ, ಆ ಕಲ್ಲುಗಳು ನನ್ನ ಮಾತು ಕೇಳಿ ತಣಿಯುತ್ತವೆಯೇ? ಕೂತ ಸ್ವಲ್ಪ ಹೊತ್ತಿಗೇ ನನ್ನ ಹಣೆ ಒದ್ದೆಯಾಯಿತು.

ಮರಳು ಗಡಿಯಾರವನ್ನು ತಿರುಗಿಸಿದೆ. "ಇದು ಖಾಲಿ ಆಗೋ ತನಕ. ಆಮೇಲೆ ಒಂದು ಕ್ಷಣಾನೂ ಇಲ್ಲ."

ಇವರು ತಲೆಯಾಡಿಸಿದರು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಮುಖದ ಗಂಟು ಸಡಿಲವಾಯಿತು. ಎಷ್ಟು ದಿನವಾಗಿತ್ತು ಆ ಮುಖ ನೋಡಿ! ಒಂದು ಕ್ಷಣ ನನ್ನ ಹೊಟ್ಟೆಯೂ ತಣ್ಣಗಾಯಿತು. ಮರುಕ್ಷಣವೇ ಇವರ ಎದೆ ಏರಿಳಿಯುವುದು ನಿಧಾನವಾಯಿತೇನೋ ಎನಿಸಿ ಬಗ್ಗಿ ನೋಡಿದೆ.

"ಹೇಗನ್ನಿಸ್ತಿದೆ? ಎದೆ ಭಾರ ಆಗ್ತಿದೆಯಾ?"

ಇಲ್ಲವೆಂದು ತಲೆಯಾಡಿಸಿದರು.

"ಕೈ ಜೋಮು ಹಿಡೀತಾ?"

ಅದಕ್ಕೂ ಅದೇ.

"ಬಾಯಿ ಬಿಟ್ಟು ಹೇಳ್ರೀ, ಮುತ್ತು ಉದುರುತ್ತಾ?"

ಇವರು ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಸೌಟಿನ ಕಡೆ ಬೆರಳು ತೋರಿಸಿದರು. ಆಗ ಹೊಳೆಯಿತು. ಸೌಟು ನನ್ನ ಹತ್ತಿರವಿದೆ, ಆದ್ದರಿಂದ ಮಾತು ನನ್ನದು. ಇವರು ಕಾನೂನು ಪಾಲಿಸುತ್ತಿದ್ದಾರೆ!

"ಆಹಾ! ಡಾಕ್ಟರ್ ಮಾತು ಪಾಲಿಸದವರು ಇದನ್ನ ಪಾಲಿಸೋಕೆ ಬಂದ್ರು ನೋಡಿ."

ಇವರು ಮೆಲ್ಲಗೆ ನಕ್ಕು ಕೈ ಚಾಚಿದರು. ಕೊಡು, ಎಂದು. ಕೊಡಬಹುದಿತ್ತು. ಬಕೆಟ್ಟೇ ಒಳಗಿಲ್ಲದ ಮೇಲೆ ಬರೀ ಸೌಟಿನಿಂದ ಏನು ಅಪಾಯ? ಆದರೆ ನನಗೆ ಗೊತ್ತಿತ್ತು, ಕೊಟ್ಟ ಕೂಡಲೇ ಇವರು ಆಸ್ಪತ್ರೆಯಲ್ಲಿ ಅರ್ಧಕ್ಕೆ ನಿಂತ ಮಾತನ್ನು ಎತ್ತಿಕೊಳ್ಳುತ್ತಾರೆ. ಅಕಸ್ಮಾತ್ ನಾನು ಹೋದರೆ ಎಂದು ಶುರು ಮಾಡುತ್ತಾರೆ. ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ. ಕೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹುಚ್ಚು ಭಯ. ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಎದೆಗವಚಿಕೊಂಡೆ.

ಮಾತು ನಿಂತರೆ ಇವರು ಮತ್ತೆ ಕೈ ಚಾಚುತ್ತಾರಲ್ಲ, ಅದಕ್ಕೇ ಮಾತಾಡುತ್ತಲೇ ಹೋದೆ. ಡಿಪೋದ ಮ್ಯಾನೇಜರನನ್ನು ಬೈದೆ. ಸಿಗ್ನಲಿನಲ್ಲಿ ಅಡ್ಡ ಬಂದ ಬೈಕಿನವನ ವಂಶವನ್ನೇ ಜಾಲಾಡಿದೆ. ಅಣ್ಣನನ್ನು ನೋಡಲು ವಾರಕ್ಕೊಮ್ಮೆ ಬಂದು ನನ್ನ ಅಡುಗೆಗೆ ಉಪ್ಪಿಲ್ಲವೆನ್ನುವ ನಾದಿನಿಯನ್ನೂ ಬಿಡಲಿಲ್ಲ. ನಾನು ಕೆಲಸಕ್ಕೆ ಹೋದಾಗ ಇವರು ಕದ್ದು ಉಳಿ ಹಿಡಿದಿದ್ದನ್ನು, ಅಂಗಿಯ ತೋಳಿಗೆ ಅಂಟಿದ ಮರದ ಪುಡಿ ನೋಡಿಯೇ ಕಂಡುಹಿಡಿದಿದ್ದನ್ನು ಹೇಳಿದೆ. ಬಾಯಿ ಅಂಟಂಟಾಗುತ್ತಿತ್ತು. ನಾಲಿಗೆ ಅಂಗುಳಕ್ಕೆ ಹತ್ತುತ್ತಿತ್ತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಒಲೆಯದ್ದಿರಬೇಕು ಎಂದುಕೊಂಡೆ. ಬೆವರುತ್ತಿದ್ದ ಮೈ ಯಾವಾಗಲೋ ಒಣಗಿತ್ತು. ಅದನ್ನೂ ಗಮನಿಸಲಿಲ್ಲ. ನನ್ನ ಕಣ್ಣು ಇವರ ಎದೆಯ ಮೇಲೇ ಇತ್ತು.

ಇವರು ನೆಟ್ಟಗೆ ಕೂತರು. ನನ್ನ ಮುಖವನ್ನು ದಿಟ್ಟಿಸಿ, ಹುಬ್ಬು ಗಂಟಿಕ್ಕಿ, ಬೆರಳಿನಿಂದ ನನ್ನ ಮುಖದ ಕಡೆ ತೋರಿಸಿದರು. ಆಮೇಲೆ ಬಾಗಿಲ ಕಡೆ ತೋರಿಸಿದರು.

"ಏನು? ನನ್ನ ಮುಖಕ್ಕೇನಾಗಿದೆ? ಸಿಟ್ಟು ಬಂದ್ರೆ ಕೆಂಪಾಗುತ್ತೆ, ಮದುವೆ ಆದಾಗಿಂದ ನೋಡ್ತಿದ್ದೀರಲ್ಲ!"

ಮತ್ತೆ ಬಾಗಿಲು ತೋರಿಸಿದರು. ಈ ಸಲ ಕೈ ಬೀಸಿ, ಇಳಿ ಎಂಬಂತೆ.

"ಮರಳು ಇನ್ನೂ ಇದೆ. ಈಗಲೇ ಸಾಕಾಯ್ತಾ? ಯಾಕೆ, ಎದೆ ನೋಯ್ತಿದೆಯಾ? ರೀ, ನಿಜ ಹೇಳಿ, ನೋಯ್ತಿದೆಯಾ?" ನನ್ನ ದನಿ ನನಗೇ ದೂರದಿಂದ ಕೇಳಿಸಿತು.

ಇವರು ಎದ್ದು ನಿಂತು ನನ್ನ ಕೈಯಿಂದ ಸೌಟು ಕಿತ್ತುಕೊಳ್ಳಲು ಬಂದರು. ನಾನು ಹಿಂದಕ್ಕೆ ಎಳೆದುಕೊಂಡೆ. ಗಂಡ ಹೆಂಡತಿ, ತಲೆ ಅರ್ಧ ನೆರೆತವರು, ಟವೆಲ್ ಸುತ್ತಿಕೊಂಡು ಮರದ ಸೌಟಿಗೆ ಜಗ್ಗಾಡಿದೆವು. ಕೊನೆಗೆ ಇವರು ಕಾನೂನು ಮುರಿದರು.

"ಕೆಳಗೆ ಇಳಿಯೇ! ಬಿಳುಚಿಕೊಂಡಿದ್ದೀಯಾ ನೀನು!"

"ಸೌಟು ನನ್ನ ಕೈಲಿದೆ!" ಎಂದು ಚೀರಿ, ಸಿಟ್ಟಿನಿಂದ ಧಡಕ್ಕನೆ ಎದ್ದು ನಿಂತೆ.

ಸೂರು ಒಮ್ಮೆ ಗಿರ್ರನೆ ತಿರುಗಿತು. ಇವರ ಎರಡೂ ಕೈ ನನ್ನ ಕಡೆ ಬಂದದ್ದು ಕಂಡಿತು. ಬೇಡ, ಎತ್ತಬೇಡಿ ಎಂದು ಹೇಳಬೇಕೆಂದುಕೊಂಡೆ. ಆಮೇಲೇನಾಯಿತೋ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ತಲೆಯ ಕೆಳಗೆ ತಣ್ಣನೆಯ ನೆಲ. ಮುಖದ ಮೇಲೆ ಒದ್ದೆ ಬಟ್ಟೆ. ಕಾಲುಗಳು ಬೋರಲು ಹಾಕಿದ ಬಕೆಟ್ಟಿನ ಮೇಲಿದ್ದವು. ನಮ್ಮ ಬಚ್ಚಲಮನೆಯ ಬಲ್ಬು ಎಂದು ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕಕ್ಕೆ ತಿರುಗಿದೆ. ಇವರು ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಒಂದು ಕೈ ನನ್ನ ಮಣಿಕಟ್ಟಿನ ಮೇಲೆ, ಇನ್ನೊಂದು ತಮ್ಮ ಹೊಲಿಗೆಯ ಮೇಲೆ. ತುಟಿಯಲ್ಲಿ ಬಣ್ಣವಿರಲಿಲ್ಲ. ಉಸಿರು ತುಂಡುತುಂಡಾಗಿ ಬರುತ್ತಿತ್ತು.

"ನೀವು... ನನ್ನ ಎತ್ತಿದ್ರಾ?"

"ಇಲ್ಲ. ನೀನೇ... ಬಸ್ಸು ಹತ್ಕೊಂಡು ಬಂದೆ."

ಈ ಸ್ಥಿತಿಯಲ್ಲೂ ಕುಹಕ! ನಾನೇನು ಹೂವಿನ ಬುಟ್ಟಿಯಲ್ಲ. ಡಿಪೋದಲ್ಲಿ ನನ್ನನ್ನು ಡಬಲ್ ಡೆಕ್ಕರ್ ಎನ್ನುತ್ತಾರೆ, ಹಿಂದಿನಿಂದಲ್ಲ, ಮುಖಕ್ಕೇ. ಈ ಮನುಷ್ಯನ ಕೈಗೆ ನಾನು ಅರ್ಧ ಬಕೆಟ್ ನೀರು ಕೊಟ್ಟಿರಲಿಲ್ಲ, ತಿಂಗಳುಗಟ್ಟಲೆ. ಹೋಗಿ ಹೋಗಿ ನನ್ನನ್ನೇ, ಪ್ರಜ್ಞೆಯಿಲ್ಲದೆ ಜೋತುಬಿದ್ದ ಇಷ್ಟು ದೊಡ್ಡ ದೇಹವನ್ನೇ, ಆ ಎದೆಯ ಮೇಲೆ ಹೇರಿದೆ. ಮೇಲಿನ ಹಲಗೆಯಿಂದ ಇಳಿಸಿ, ಒಲೆಗೆ ತಾಗದ ಹಾಗೆ ತಿರುಗಿಸಿ, ಹೊರಗೆ ಹೊತ್ತು ತಂದಿದ್ದಾರೆ. ಏಳಲು ನೋಡಿದೆ. ಕೈಕಾಲು ನನ್ನದೇ ಅಲ್ಲವೆಂಬಂತೆ ಬಿದ್ದಿದ್ದವು.

"ಏಳ್ಬೇಡ" ಎಂದರು ಇವರು. "ಫೋನ್ ಮಾಡಿದ್ದೀನಿ. ಬರ್ತಾರೆ."

"ನೋವಿದೆಯಾ?"

"ಇದೆ."

ಅಷ್ಟು ದಿನ ಕೇಳಿ ಕೇಳಿ ಇಲ್ಲ ಎಂಬ ಉತ್ತರವನ್ನೇ ಪಡೆದಿದ್ದೆ. ಇದೆ ಎಂದಾಗ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಏನೂ ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಇವರ ಕೈಯನ್ನು ಹಿಡಿದುಕೊಂಡು ಅಲ್ಲೇ ಬಿದ್ದುಕೊಂಡೆ. ಬೆರಳುಗಳು ತಣ್ಣಗಿದ್ದವು. ಯಾರಾದರೂ ಬನ್ನಿ, ಬೇಗ ಬನ್ನಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ.

ಮೊದಲು ಬಂದವಳು ನಾದಿನಿ. ತನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದವಳು ನಮ್ಮಿಬ್ಬರನ್ನೂ ಆ ಅವತಾರದಲ್ಲಿ ನೋಡಿ, "ಅಯ್ಯೋ ದೇವರೇ, ಏನ್ ಮಾಡ್ಕೊಂಡ್ರಿ?" ಎಂದು ಅಲ್ಲೇ ಕುಕ್ಕರಿಸಿದಳು. ಎದ್ದು ನಮಗೆ ಎರಡು ಬೆಡ್‌ಶೀಟು ಹೊದಿಸಿ, ನನ್ನ ಬಾಯಿಗೆ ಚಮಚದಲ್ಲಿ ನೀರು ಹಾಕುತ್ತಿದ್ದಾಗ ಆಂಬುಲೆನ್ಸಿನವರು ಒಳಗೆ ಬಂದರು.

"ಪೇಷಂಟ್ ಯಾರು?" ಎಂದ ಅವರಲ್ಲೊಬ್ಬ.

ನಾನು ಇವರ ಕಡೆ ಬೆರಳು ತೋರಿಸಿದೆ. ಇವರು ನನ್ನ ಕಡೆ ತೋರಿಸಿದರು. ಅವನು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದ.

"ಇಬ್ರನ್ನೂ ಹಾಕ್ಕೊಳ್ರಪ್ಪ!" ಎಂದು ನಾದಿನಿ ಕೂಗಿದಳು. "ಒಬ್ಬರನ್ನ ಬಿಟ್ಟು ಹೋದ್ರೆ ಇನ್ನೊಬ್ಬರು ಇಲ್ಲೇ ಜಗಳ ತೆಗೀತಾರೆ."

ಇವರನ್ನು ಸ್ಟ್ರೆಚರಿನಲ್ಲಿ ಮಲಗಿಸಿದರು, ನನ್ನನ್ನು ಪಕ್ಕದ ಸೀಟಿನ ಉದ್ದಕ್ಕೆ. ಇವರ ಮುಖಕ್ಕೆ ಆಕ್ಸಿಜನ್ ಹಾಕಿದರು. ನಾನು ಇವರ ಎದೆಯನ್ನೇ ನೋಡುತ್ತಿದ್ದೆ. ಆ ಡ್ರೈವರನೋ, ಸೈರನ್ ಹಾಕಿಕೊಂಡು ಎರಡನೇ ಗೇರಿನಲ್ಲಿ ತೆವಳುತ್ತಿದ್ದ. "ಬಲಗಡೆ ಜಾಗ ಇದೆ ನುಗ್ಸೋ! ಬಸ್ಸಿನವರು ಬಿಡ್ತಾರೆ, ನುಗ್ಸು!" ಎಂದು ಮಲಗಿದಲ್ಲಿಂದಲೇ ಗದರಿದೆ. ಆಕ್ಸಿಜನ್ ಮುಖವಾಡದೊಳಗೆ ಇವರ ಕೆನ್ನೆ ಅಲುಗಿತು. ನಕ್ಕರೋ, ನೋವಿಗೆ ಮುಖ ಕಿವುಚಿದರೋ ಗೊತ್ತಾಗಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಮಗೆ ಅಕ್ಕಪಕ್ಕದ ಹಾಸಿಗೆ ಸಿಕ್ಕಿತು, ನಡುವೆ ಹಸಿರು ಪರದೆ. ನನ್ನ ಕೈಗೆ ಡ್ರಿಪ್ ಚುಚ್ಚಿದರು. ಪರದೆಯ ಆಚೆ ಓಡಾಟ, ಟೇಪು ಹರಿಯುವ ಸದ್ದು, ಮೆಷಿನ್ನಿನಿಂದ ಕಾಗದ ಬರುವ ಸದ್ದು. ಯುವ ಡಾಕ್ಟರೊಬ್ಬಳು ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಪರದೆಯ ಸಂದಿಯಿಂದ ನನಗೆ ಅವಳ ಮುಖ ಮಾತ್ರ ಕಾಣುತ್ತಿತ್ತು. ಹೊರಗೆ ಹೋಗಿ ದೊಡ್ಡ ಡಾಕ್ಟರನ್ನು ಕರೆತಂದಳು. ಅವರೂ ನೋಡಿದರು. ಇಬ್ಬರೂ ಮೆಲ್ಲಗೆ ಮಾತಾಡಿಕೊಂಡರು. ನಾನು ಹಾಸಿಗೆಯ ಸರಳನ್ನು ಹಿಡಿದ ಕೈ ಬಿಡಲಿಲ್ಲ. ಬಾಯಿ ಮಾಡಿ ಬದುಕಿದವಳಿಗೆ ಒಂದು ಪ್ರಶ್ನೆ ಕೇಳಲು ದನಿ ಹೊರಡಲಿಲ್ಲ.

ಕೊನೆಗೆ ದೊಡ್ಡ ಡಾಕ್ಟರ್ ಪರದೆ ಸರಿಸಿ ನನ್ನ ಕಡೆ ಬಂದರು.

"ಹೃದಯಕ್ಕೆ ಹೊಸದಾಗಿ ಏನೂ ಏಟು ಬಿದ್ದಂತೆ ಕಾಣಲ್ಲ. ಎದೆಮೂಳೆ ಕೂಡ್ಕೊಂಡಿರೋ ಕಡೆ ಉಳುಕಿದೆ, ನೋವು ಅದರದ್ದು. ಆದ್ರೂ ಇವತ್ತು, ನಾಳೆ ಇಲ್ಲೇ ಇರ್ಲಿ, ಇನ್ನೊಂದೆರಡು ಸಲ ಪರೀಕ್ಷೆ ಮಾಡ್ತೀವಿ. ನೀವು ನೀರು ಕುಡಿದು ಎಷ್ಟು ಹೊತ್ತಾಗಿತ್ತಮ್ಮಾ?"

ಉತ್ತರ ಕೊಡುವ ಬದಲು ಹೋ ಎಂದು ಅತ್ತುಬಿಟ್ಟೆ. ಅವರು ನನ್ನ ಭುಜ ತಟ್ಟಿ ಹೋದರು. ನಾದಿನಿ ನಮ್ಮ ಬಟ್ಟೆ ತರಲು ಮನೆಗೆ ಓಡಿದಳು. ಪರದೆ ಮತ್ತೆ ಮುಚ್ಚಿಕೊಂಡಿತು.

ಭಯ ಇಳಿದ ಕೂಡಲೇ ಸಿಟ್ಟು ಏರಿತು. ನನ್ನ ಸ್ವಭಾವವೇ ಹಾಗೆ.

"ಬುದ್ಧಿ ಇದೆಯೇನ್ರೀ ನಿಮಗೆ?" ಎಂದೆ ಪರದೆಗೆ. "ಬಿದ್ರೆ ಬೀಳ್ಲಿ ಅಂತ ಬಿಡೋಕೆ ಏನಾಗಿತ್ತು? ಆ ಬಿಸಿಯಲ್ಲಿ ಕೂರಲೇಬೇಕು ಅಂತ ಯಾಕೆ ಹಟ? ಅಷ್ಟು ದಿನ ಇಲ್ಲದ್ದು ಇವತ್ತೇನಿತ್ತು? ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ!"

ಆಚೆ ಇವರು ಮಾತಿಗೆ ಅಳತೆ ತೆಗೆಯುತ್ತಿದ್ದಾರೆ ಎಂದು ಗೊತ್ತಾಯಿತು.

"ನೀನು ಬಿಟ್ರೆ ತಾನೆ ಹೇಳೋದು" ಎಂದರು.

ಆ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಚುಚ್ಚಿತು. ಎದುರು ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಹೇಳಿ" ಎಂದೆ.

"ಹೆದರಿಕೆ ಆಗುತ್ತೆ ಕಣೇ."

ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

"ಕಣ್ಣು ಮುಚ್ಚಿದ್ರೆ ಮತ್ತೆ ತೆರೀತೀನೋ ಇಲ್ವೋ ಅನ್ನಿಸುತ್ತೆ" ಎಂದರು. "ಎದೆ ಒಂದು ಬಡಿತ ತಪ್ಪಿದ್ರೂ ಕೈ ತಣ್ಣಗಾಗುತ್ತೆ. ಉಳಿ ಹಿಡಿದ್ರೆ ಕೈ ನಡುಗುತ್ತೆ. ನೀನು ನೋಡಿದ್ಯಲ್ಲ ಮರದ ಪುಡಿ, ಆವತ್ತು ಒಂದು ಸಣ್ಣ ತುಂಡು ನೇರವಾಗಿ ಕುಯ್ಯೋಕೂ ಆಗ್ಲಿಲ್ಲ. ನಿಂಗೆ ಹೇಳೋಣ ಅಂದ್ರೆ ಏನೂ ಆಗಲ್ಲ ಅಂತೀಯ. ಅಲ್ಲಿ ಆದ್ರೆ ನೀನು ಕೇಳ್ತೀಯ. ಅಲ್ಲಿ ಅತ್ರೂ ಬೆವರು ಅಂದ್ಕೋಬಹುದು. ಅದಕ್ಕೇ ಅಲ್ಲಿಗೆ ಕರೆದೆ."

ಏನೂ ಆಗಲ್ಲ, ಸುಮ್ನಿರಿ. ಆ ಮಾತು ಅಭ್ಯಾಸಬಲದಿಂದ ಮತ್ತೆ ಗಂಟಲಿಗೆ ಬಂತು. ತುಟಿ ಕಚ್ಚಿ ಹಿಡಿದೆ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ಸದ್ದಾದರೆ ಇವರು ನಿಲ್ಲಿಸಿಬಿಡುತ್ತಾರೆಂದು.

"ಹೂಂ" ಎಂದೆ.

ಇವರು ಹೇಳುತ್ತಾ ಹೋದರು. ಆಪರೇಷನ್ ಕೋಣೆಯ ದೀಪದ ಬಗ್ಗೆ, ಅಲ್ಲಿ ಯಾರೋ ನಗುತ್ತಿದ್ದದ್ದರ ಬಗ್ಗೆ, ಎಚ್ಚರ ತಪ್ಪುವ ಮುಂಚೆ ನನ್ನ ಮುಖ ನೆನಪಿಗೆ ಬಾರದೆ ಒದ್ದಾಡಿದ್ದರ ಬಗ್ಗೆ. ಅರ್ಧಕ್ಕೆ ನಿಂತಿದ್ದ ಆ ಮಾತನ್ನೂ ಪೂರ್ತಿ ಮಾಡಿದರು. ಅಕಸ್ಮಾತ್ ತಾವು ಹೋದರೆ ನಾನು ಯಾರನ್ನು ಬೈಯಲಿ ಎಂಬುದೇ ಅವರ ಚಿಂತೆಯಾಗಿತ್ತಂತೆ. ಕೇಳಿದೆ. ಕೇಳಿದ್ದಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ.

ನರ್ಸ್ ಬಂದು ಡ್ರಿಪ್ ನೋಡಿ ಹೋದಳು. ಆಮೇಲೆ ಇವರು ಕೇಳಿದರು.

"ಇವತ್ತು ನೀನು ಕೈಮೇಲೆ ಬಿದ್ದಾಗ, ಉಸಿರಾಡ್ತಿದ್ದೀಯೋ ಇಲ್ವೋ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡ್ದೆ. ಗೊತ್ತಾಗ್ಲಿಲ್ಲ. ಆಗ ನನ್ನ ಎದೆ ನೋವೆಲ್ಲ ಮರೆತೇಹೋಯ್ತು. ಹುಚ್ಚು ಹಿಡಿದ ಹಾಗಾಯ್ತು. ನೀನು... ಇಷ್ಟು ದಿನಾನೂ ಹೀಗೇ ಇದ್ದೀಯೇನೇ?"

ಛೆ, ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಿ ಎನ್ನುವುದು ನನಗೆ ಸುಲಭ. ಹೇಳಿ ಹೇಳಿ ಅಭ್ಯಾಸವಾಗಿತ್ತು.

"ಹೂಂ ಕಣ್ರೀ" ಎಂದೆ. "ದಿನಾ ಬೆರಳಿಟ್ಟು ನೋಡ್ತೀನಿ."